ಮರುಭೂಮಿ ದಾಟುವ ಲೆಕ್ಕಕ್ಕೆ ಯಾವ ಸಲಕರಣೆ ಒಳ್ಳೆಯದು? ಮಣಿ, ಸ್ಪ್ರೆಡ್‌ಶೀಟ್, ಸಾಲ್ವರ್, ಪೈಥಾನ್: ಒಂದು ವಿಮರ್ಶೆ

ಟ್ಯಾಂಕಿನಲ್ಲಿ 60 ಲೀಟರ್ ಹಿಡಿಯುವ, ಲೀಟರಿಗೆ 10 ಕಿ.ಮೀ. ಓಡುವ ಒಂದು ಜೀಪು. ಎದುರಿಗೆ 1000 ಕಿ.ಮೀ. ಮರುಭೂಮಿ. ಹೊರಡುವ ಕಡೆ ಇಂಧನಕ್ಕೆ ಬರವಿಲ್ಲ, ದಾರಿಯಲ್ಲಿ ಮಾತ್ರ ಹನಿಯೂ ಸಿಗುವುದಿಲ್ಲ. ಟ್ಯಾಂಕ್ ಬಿಟ್ಟು ಬೇರೆ ಡಬ್ಬಿಯಲ್ಲಿ ಇಂಧನ ಹೊತ್ತು ಓಡುವಂತಿಲ್ಲ. ಆದರೆ ಟ್ಯಾಂಕಿನಿಂದ ತೆಗೆದು ದಾರಿಯಲ್ಲಿ ಎಲ್ಲಿ ಬೇಕಾದರೂ ಇಟ್ಟು ಬರಬಹುದು, ಆಮೇಲೆ ಬಂದು ತುಂಬಿಕೊಳ್ಳಬಹುದು. ಆಚೆ ತುದಿ ಮುಟ್ಟಲು ಕನಿಷ್ಠ ಎಷ್ಟು ಲೀಟರ್ ಬೇಕು?

ಉತ್ತರ 236 ಲೀಟರ್. ಅದನ್ನು ಮೊದಲೇ ಹೇಳಿಬಿಟ್ಟರೆ ಒಗಟಿನ ರುಚಿಯೇನೂ ಕೆಡುವುದಿಲ್ಲ. ಇದಕ್ಕಿಂತ ಒಂದು ಲೀಟರ್ ಕಡಿಮೆಯಾದರೂ ಆಗದೆಂದು ತೋರಿಸುವುದೇ ಇಲ್ಲಿನ ನಿಜವಾದ ಕೆಲಸ. ಇಂಥ ಲೆಕ್ಕಕ್ಕೆ ಜನ ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಸಲಕರಣೆಗಳು ನಾಲ್ಕು: ಚೌಕಳಿ ಹಾಳೆಯ ಮೇಲೆ ಮಣಿ, ಸ್ಪ್ರೆಡ್‌ಶೀಟ್, ಅದರೊಳಗೆ ಅತ್ಯುತ್ತಮ ಬೆಲೆಯನ್ನು ತಾನೇ ಹುಡುಕಿಕೊಡುವ ಸಾಲ್ವರ್, ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ನಾಲ್ಕನ್ನೂ ಈ ಜೀಪಿಗೂ, ಬಾಳೆಹಣ್ಣು ಹೊರುವ ಪ್ರಸಿದ್ಧ ಒಂಟೆಗೂ ಹಚ್ಚಿ ನೋಡಿದಾಗ ಕಂಡದ್ದು ಇಲ್ಲಿದೆ.

ತೂಗುವ ಮೊದಲು: ಲೆಕ್ಕದ ಬೆನ್ನೆಲುಬು

ಹೊರಡುವ ಕಡೆ ನಿಂತು ಯೋಚಿಸಿದರೆ ಈ ಒಗಟು ಬಿಚ್ಚಿಕೊಳ್ಳುವುದಿಲ್ಲ. ಮೊದಲ ಡಿಪೋ (ದಾರಿಯಲ್ಲಿ ಇಂಧನ ಇಟ್ಟು ಬರುವ ಜಾಗ) ಎಲ್ಲಿರಬೇಕು ಎಂಬುದು ಅದರ ಮುಂದೆ ಎಷ್ಟು ಇಂಧನ ಬೇಕು ಎಂಬುದರ ಮೇಲೆ ನಿಂತಿದೆ; ಆ ಸಂಖ್ಯೆ ಇನ್ನೂ ಗೊತ್ತಿಲ್ಲ. ಆದ್ದರಿಂದ ಆಚೆ ತುದಿಯಿಂದ ಹಿಂದಕ್ಕೆ ಬರಬೇಕು.

ಒಂದು ಜಾಗವನ್ನು ಜೀಪು ಒಮ್ಮೆ ದಾಟುವುದಕ್ಕೆ ಒಂದು ಓಟ ಎನ್ನೋಣ, ಟ್ಯಾಂಕ್ ತುಂಬ ಇಂಧನಕ್ಕೆ ಒಂದು ಹೊರೆ ಎನ್ನೋಣ. ಕೊನೆಯ 600 ಕಿ.ಮೀ.ಗೆ ಒಂದು ಹೊರೆ ಸಾಕು, ಅಲ್ಲಿ ಒಂದೇ ಓಟ. ಅದಕ್ಕಿಂತ ಹಿಂದಿನ ಯಾವ ಜಾಗದಲ್ಲೂ 60 ಲೀಟರಿಗಿಂತ ಹೆಚ್ಚು ಇರಲೇಬೇಕು. ಅಷ್ಟನ್ನು ಒಂದೇ ಸಲಕ್ಕೆ ಮುಂದೆ ಒಯ್ಯಲಾಗದು; ಎರಡು ಸಲ ಮುಂದಕ್ಕೆ, ನಡುವೆ ಒಮ್ಮೆ ಹಿಂದಕ್ಕೆ, ಒಟ್ಟು ಮೂರು ಓಟ. ಅಂದರೆ ಆ ಭಾಗದ ಒಂದೊಂದು ಕಿ.ಮೀ.ಗೂ 0.3 ಲೀಟರ್ ಸುಡುತ್ತದೆ. ಎರಡನೆಯ ಹೊರೆ 200 ಕಿ.ಮೀ.ಯಲ್ಲಿ ಮುಗಿಯಿತು. ಇನ್ನೂ ಹಿಂದಕ್ಕೆ ಬಂದರೆ ಬೇಕಾದದ್ದು 120 ಲೀಟರ್ ದಾಟುತ್ತದೆ: ಮುಂದಕ್ಕೆ ಮೂರು, ಹಿಂದಕ್ಕೆ ಎರಡು, ಒಟ್ಟು ಐದು ಓಟ. ಮೂರನೆಯ ಹೊರೆಗೆ ದಕ್ಕುವುದು 120 ಕಿ.ಮೀ. ಅಲ್ಲಿಗೆ 920 ಆಯಿತು. ಉಳಿದ 80 ಕಿ.ಮೀ.ಗೆ ಏಳು ಓಟ, ಕಿ.ಮೀ.ಗೆ 0.7 ಲೀಟರಿನಂತೆ 56 ಲೀಟರ್. ಮೂರು ಹೊರೆಯ 180ಕ್ಕೆ ಇದನ್ನು ಸೇರಿಸಿದರೆ 236.

1, 3, 5, 7 ಎಂಬ ಈ ಬೆಸಸಂಖ್ಯೆಗಳು ಯಾರ ಜಾಣತನದಿಂದಲೂ ಇಳಿಯುವಂಥವಲ್ಲ. ಟ್ಯಾಂಕಿನ ಅಳತೆಯೇ ಅವನ್ನು ಹೇರುತ್ತದೆ. ಹೀಗಾಗಿ ಕನಿಷ್ಠ ಎಂಬುದರ ಸಾಧನೆ, ಅಂದರೆ ಗಣಿತದ ಪುರಾವೆ, ಕೂಡ ಇದರಲ್ಲೇ ಅಡಗಿದೆ. ಪೂರ್ತಿ ನಾಲ್ಕು ಹೊರೆ ಸುಟ್ಟರೆ ಹೋಗಬಹುದಾದ ದೂರ ಒಂದು ಹೊರೆಯ ದೂರದ 1 + 1/3 + 1/5 + 1/7 ಪಟ್ಟು, ಅಂದರೆ 176/105 ಪಟ್ಟು, ಸುಮಾರು 1005.7 ಕಿ.ಮೀ. ನಮಗೆ 1000 ಸಾಕಾದ್ದರಿಂದ 4 ಲೀಟರ್ ಉಳಿಯಿತು, ಕೊನೆಯ 5.7 ಕಿ.ಮೀ.ಯನ್ನು 0.7ರಿಂದ ಗುಣಿಸಿದರೆ ಅದೇ 4 ಬರುತ್ತದೆ.

ಸಲಕರಣೆಗಳನ್ನು ಇಲ್ಲಿ ತೂಗಿರುವುದು ಒಂದೇ ಪ್ರಶ್ನೆಯಿಂದ: ಓಟಗಳನ್ನು ಹಿಂದಿನಿಂದ ಎಣಿಸಲು ಇದು ನೆರವಾಗುತ್ತದೆಯೋ, ಇಲ್ಲ ಆ ಎಣಿಕೆಯನ್ನೇ ಮರೆಸುತ್ತದೆಯೋ?

ಚೌಕಳಿ ಹಾಳೆ ಮತ್ತು ಮಣಿ

ನಾಲ್ಕರಲ್ಲಿ ಅತಿ ಸಾದಾ, ಅತಿ ಪ್ರಾಮಾಣಿಕ ಸಲಕರಣೆ ಇದು. 25 ಮನೆಗಳ ಒಂದು ಪಟ್ಟಿ ಬರೆಯಿರಿ, ಮನೆಗೆ 40 ಕಿ.ಮೀ. ಒಂದು ಮಣಿ ಎಂದರೆ ಒಂದು ಮನೆ ಓಡಿಸುವ ಇಂಧನ, 4 ಲೀಟರ್. ಜೀಪಿಗೆ ಗರಿಷ್ಠ 15 ಮಣಿ. ಆರಂಭದಲ್ಲಿ 59 ಮಣಿ ಇಡಿ. ಡಿಪೋಗಳನ್ನು ಹೊರಡುವ ಕಡೆಯಿಂದ 2, 5 ಮತ್ತು 10ನೆಯ ಗೆರೆಗಳ ಮೇಲೆ, ಅಂದರೆ 80, 200, 400 ಕಿ.ಮೀ.ಗಳಲ್ಲಿ ಗುರುತಿಸಿ.

ಮೊದಲ ಮೂರು ಟ್ರಿಪ್‌ಗಳಲ್ಲಿ 15 ಮಣಿ ತುಂಬಿ ಹೊರಡಬೇಕು: ಹೋಗಲು 2, ಬರಲು 2, ಮೊದಲ ಡಿಪೋದಲ್ಲಿ ಬಿಡುವುದು 11. ಮೂರು ಸಲಕ್ಕೆ 33. ನಾಲ್ಕನೆಯ ಸಲ ಉಳಿದ 14 ತುಂಬಿ ಹೊರಟರೆ 12ರೊಂದಿಗೆ ಮುಟ್ಟುತ್ತದೆ, ಅಲ್ಲೀಗ 45. ಇನ್ನು ಹೊರಟ ಜಾಗಕ್ಕೆ ಮರಳುವ ಕೆಲಸವಿಲ್ಲ. ಮೊದಲ ಡಿಪೋದಿಂದ ಎರಡನೆಯದಕ್ಕೆ 3 ಮನೆ: 15 ತುಂಬಿ, 9 ಬಿಟ್ಟು, ವಾಪಸ್. ಎರಡು ಸಲ ಹೀಗೆ ಮಾಡಿದರೆ 18. ಮೂರನೆಯ ಸಲ 12ರೊಂದಿಗೆ ಮುಟ್ಟಿದಾಗ ಒಟ್ಟು 30. ಅಲ್ಲಿಂದ ಮೂರನೆಯದಕ್ಕೆ 5 ಮನೆ: ಒಮ್ಮೆ 5 ಬಿಟ್ಟು ಬಂದು, ಮತ್ತೆ 10ರೊಂದಿಗೆ ಮುಟ್ಟಿದರೆ 15. ಕೊನೆಯ 15 ಮನೆಗೆ ಆ 15 ಮಣಿ ಸರಿಯಾಗಿ ಮುಗಿಯುತ್ತವೆ.

ತಪ್ಪುಗಳು ಬೇಗ ಹೊರಬೀಳುವುದು ಇದರ ದೊಡ್ಡ ಗುಣ. ಹಿಂದಿರುಗಲು ಮಣಿ ಇಟ್ಟುಕೊಳ್ಳದೆ ಎಲ್ಲವನ್ನೂ ಡಿಪೋದಲ್ಲಿ ಸುರಿದವರಿಗೆ ಅಲ್ಲೇ ಗೊತ್ತಾಗುತ್ತದೆ. ಡಿಪೋ ಎಷ್ಟಿರಬೇಕು ಎಂಬ ಪ್ರಶ್ನೆಗೂ ಮಣಿಯೇ ಉತ್ತರ ಕೊಡುತ್ತದೆ. ಮೂರು ಹೊರೆ, ಅಂದರೆ 45 ಮಣಿ ತೆಗೆದುಕೊಂಡು ಒಂದೇ ಡಿಪೋದಲ್ಲಿ ಪ್ರಯತ್ನಿಸಿ: 6ನೆಯ ಗೆರೆಯೇ ಅತ್ಯುತ್ತಮ ಜಾಗ, ಎರಡು ಸಲ 3 ಮಣಿ ಬಿಟ್ಟು ಮೂರನೆಯ ಸಲ 9ರೊಂದಿಗೆ ಬಂದರೆ 15 ಆಗುತ್ತದೆ, ಒಟ್ಟು 21 ಮನೆ, 840 ಕಿ.ಮೀ. ಅದೇ 45 ಮಣಿಗೆ 3 ಮತ್ತು 8ನೆಯ ಗೆರೆಗಳಲ್ಲಿ ಎರಡು ಡಿಪೋ ಇಟ್ಟರೆ 23 ಮನೆ, 920 ಕಿ.ಮೀ. ಹಾಗೆಂದು ಸಮದೂರದಲ್ಲಿ 4 ಮತ್ತು 8ನೆಯ ಗೆರೆಗಳಲ್ಲಿ ಇಟ್ಟರೆ? ಮತ್ತೆ 21 ಮನೆ, ಒಂದೇ ಡಿಪೋ ಇದ್ದಷ್ಟೇ. ಮೊದಲ ಡಿಪೋಗೆ ತಲುಪಿದ್ದು 25 ಮಣಿ. ಅದರಿಂದ ಎರಡು ಪೂರ್ತಿ ಹೊರೆ ಆಗುವುದಿಲ್ಲ, ಜೀಪು ಒಮ್ಮೆ ಅರೆಬರೆ ತುಂಬಿಕೊಂಡೇ ಹೊರಡಬೇಕಾಗುತ್ತದೆ. ಸಮದೂರದ ಡಿಪೋ ಎಂಬ ಸಹಜ ಆಲೋಚನೆ ಸೋಲುವುದು ಇಲ್ಲೇ. ಒಂದು ಜಾಗದಲ್ಲಿರುವ ಇಂಧನ ಪೂರ್ತಿ ಹೊರೆಗಳಾಗಿ ಬಂದು ನಿಲ್ಲುವಲ್ಲಿ ಮಾತ್ರ ಡಿಪೋ ಇರಬೇಕು.

ಮಿತಿಯೂ ಇದೆ. 40 ಕಿ.ಮೀ. ಮನೆ ಇಷ್ಟು ಚೆನ್ನಾಗಿ ಹೊಂದಿದ್ದು 80, 120, 200, 600 ಎಲ್ಲವೂ 40ರ ಅಪವರ್ತ್ಯಗಳಾಗಿದ್ದರಿಂದ. ಮರುಭೂಮಿ 1200 ಕಿ.ಮೀ. ಎಂದಾದರೆ ಒಂದು ಹೊರೆಯನ್ನು ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಭಾಗಿಸಬೇಕಾಗುತ್ತದೆ. ಯಾವ ಮಣಿಯೂ ಹೊಂದುವುದಿಲ್ಲ. ಹೊಸಬರಿಗೆ ಮೊದಲ ಸಲಕರಣೆಯಾಗಿ ಇದಕ್ಕೆ ಎದುರಿಲ್ಲ, ನಾಲ್ಕು ಹೊರೆಯ ಆಚೆಗೆ ಕೈ ಬಿಡಬೇಕು.

ಸ್ಪ್ರೆಡ್‌ಶೀಟ್

ಲಿಬ್ರೆಆಫೀಸ್ ಕ್ಯಾಲ್ಕ್ ಆದರೂ ಆದೀತು, ಎಕ್ಸೆಲ್ ಆದರೂ ಆದೀತು. ಈ ಕೆಲಸಕ್ಕೆ ವ್ಯತ್ಯಾಸವಿಲ್ಲ. ಎ ಕಾಲಮಿನಲ್ಲಿ ಆಚೆ ತುದಿಯಿಂದ ದೂರ, 0ಯಿಂದ 1000ದವರೆಗೆ, ಸಾಲಿಗೊಂದು ಕಿ.ಮೀ. ಬಿ ಕಾಲಮಿನಲ್ಲಿ ಆ ಜಾಗದಲ್ಲಿ ಇರಲೇಬೇಕಾದ ಇಂಧನ. ಸಿ ಕಾಲಮಿನಲ್ಲಿ ಓಟಗಳ ಸಂಖ್ಯೆ: ಬಿ ಬೆಲೆಯನ್ನು ಒಂದು ಹೊರೆಯಿಂದ ಭಾಗಿಸಿ, ಇಂಟ್ ಫಂಕ್ಷನ್ ಹಾಕಿ ಪೂರ್ಣಾಂಕ ತೆಗೆದು, ಎರಡರಿಂದ ಗುಣಿಸಿ, ಒಂದು ಕೂಡಿಸಬೇಕು. ಮುಂದಿನ ಸಾಲಿನ ಬಿ ಎಂದರೆ ಈ ಸಾಲಿನ ಬಿ ಮತ್ತು ಸಿ ಸೇರಿದ್ದು. ಮೊದಲ ಸಾಲಿನ ಬಿಯಲ್ಲಿ ಸೊನ್ನೆ ಬರೆದು ಕೆಳಗೆ ಎಳೆದರೆ 600ನೆಯ ಕಿ.ಮೀ.ಯಲ್ಲಿ 600, 800ರಲ್ಲಿ 1200, 920ರಲ್ಲಿ 1800, 1000ದಲ್ಲಿ 2360 ಕಾಣಬೇಕು. ಕಾಣದಿದ್ದರೆ ಸೂತ್ರ ತಪ್ಪಿದೆ.

ಆ 2360 ಲೀಟರ್ ಅಲ್ಲ, ಅಷ್ಟು ಕಿ.ಮೀ. ಓಡಿಸುವ ಇಂಧನ, ಹತ್ತರಿಂದ ಭಾಗಿಸಿದರೆ ಲೀಟರ್. ಈ ಅಳತೆ ಬೇಕೆಂದೇ ಆರಿಸಿದ್ದು. ಲೀಟರಿನಲ್ಲೇ ನಡೆಸಿದರೆ ಪ್ರತಿ ಸಾಲಿನಲ್ಲೂ 0.1, 0.3, 0.5 ಕೂಡುತ್ತ ಹೋಗಬೇಕು. ಗಣಕಯಂತ್ರದ ದ್ವಿಮಾನ ಲೆಕ್ಕದಲ್ಲಿ 0.1 ನಿಖರವಾಗಿ ಕೂರುವುದಿಲ್ಲ. ಹತ್ತು ಸಲ ಕೂಡಿದರೆ 1ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಬೇರೆ ಕಡೆ ಅದು ಲೆಕ್ಕಕ್ಕಿಲ್ಲ. ಇಲ್ಲಿ 60, 120, 180 ಎಂಬ ಗಡಿಗಳ ಮೇಲೆಯೇ ಓಟಗಳ ಸಂಖ್ಯೆ ಬದಲಾಗುವುದರಿಂದ ಆ ಕೂದಲೆಳೆ ಒಂದು ಸಾಲನ್ನು ತಪ್ಪು ಕಡೆಗೆ ತಳ್ಳಬಹುದು. ಪೂರ್ಣಾಂಕಗಳಲ್ಲಿ ನಡೆಸಿದರೆ ಆ ಭಯವಿಲ್ಲ. ಇಂಟ್ ಬದಲು ರೌಂಡ್‌ಅಪ್ ಬಳಸಿ, ಎರಡರಿಂದ ಗುಣಿಸಿ ಒಂದು ಕಳೆಯುವ ಸೂತ್ರ ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ಸೊನ್ನೆಯ ಸಾಲಿನಲ್ಲಿ ಅದು ಋಣ ಒಂದು ಕೊಡುತ್ತದೆ, ಅಲ್ಲಿಂದ ಕೆಳಗೆ ಇಡೀ ಕಾಲಮ್ ಹಾಳು.

ದೂರ 1200 ಕಿ.ಮೀ. ಆದಾಗ ಇನ್ನೂ ನವಿರಾದ ದೋಷವೊಂದು ನುಸುಳುತ್ತದೆ. ಅದೇ ಹಾಳೆಯನ್ನು ಕೆಳಗೆ ಎಳೆದರೆ 4598 ಸಿಗುತ್ತದೆ, 459.8 ಲೀಟರ್. ನಿಖರ ಉತ್ತರ ಸುಮಾರು 460.38. ಓಟಗಳು ಏಳರಿಂದ ಒಂಬತ್ತಕ್ಕೆ, ಒಂಬತ್ತರಿಂದ ಹನ್ನೊಂದಕ್ಕೆ ಏರುವ ಗಡಿ ಈಗ ಒಂದು ಕಿ.ಮೀ.ಯ ನಡುವೆ ಎಲ್ಲೋ ಬೀಳುತ್ತದೆ, ಹಾಳೆ ಆ ಸಾಲಿಗೆಲ್ಲ ಹಳೆಯ ಕಡಿಮೆ ದರವನ್ನೇ ಹಾಕುತ್ತದೆ. ವ್ಯತ್ಯಾಸ ಅರ್ಧ ಲೀಟರಿನಷ್ಟೇ. ಆದರೆ ದೋಷ ಇರುವುದು ಕಡಿಮೆಯ ಕಡೆಗೆ, ಅದೇ ಅಪಾಯ: ಆ ಹಾಳೆಯನ್ನು ನಂಬಿ ಹೊರಟ ಜೀಪು ಗುರಿಗೆ ಸುಮಾರು 390 ಮೀಟರ್ ಮೊದಲೇ ನಿಲ್ಲುತ್ತದೆ. ಸಾಲಿಗೆ 100 ಮೀಟರ್ ಮಾಡಿದರೆ ದೋಷ ಕುಗ್ಗುತ್ತದೆ, ಹೋಗುವುದಿಲ್ಲ.

ಸ್ಪ್ರೆಡ್‌ಶೀಟಿನ ಅತ್ಯುತ್ತಮ ಉಪಯೋಗ ಬೇರೆಯೇ ಇದೆ: ಬೇರೆ ರೀತಿಯಲ್ಲಿ ಕಂಡುಕೊಂಡ ಯೋಜನೆಯನ್ನು ಪರೀಕ್ಷಿಸುವ ಖಾತೆ ಪುಸ್ತಕವಾಗಿ. ನಮ್ಮ 236 ಲೀಟರಿನ ಯೋಜನೆಗೆ 16 ಸಾಲು ಸಾಕು, 80 ಕಿ.ಮೀ.ಯ ಏಳು ಓಟ, 120ರ ಐದು, 200ರ ಮೂರು, 600ರ ಒಂದು. ಪ್ರತಿ ಸಾಲಿನಲ್ಲಿ ತುಂಬಿದ್ದು, ಸುಟ್ಟದ್ದು, ಇಳಿಸಿದ್ದು, ಟ್ಯಾಂಕಿನಲ್ಲಿ ಉಳಿದದ್ದು, ಪ್ರತಿ ಡಿಪೋದ ದಾಸ್ತಾನು. ಟ್ಯಾಂಕ್ 60 ಮೀರಿದರೆ ಅಥವಾ ಯಾವುದಾದರೂ ದಾಸ್ತಾನು ಸೊನ್ನೆಗಿಂತ ಕೆಳಗಿಳಿದರೆ ಕೆಂಪಾಗುವಂತೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ. ಜಾಣ ಉಪಾಯವೆಂದು ತೋರುವ ಬಹಳಷ್ಟು ಉತ್ತರಗಳು ಈ ಎರಡು ಪರೀಕ್ಷೆಗಳಲ್ಲೇ ಬೀಳುತ್ತವೆ.

ಒಂಟೆ ಮತ್ತು 3000 ಬಾಳೆಹಣ್ಣು

ಎಲ್ಲರಿಗೂ ಗೊತ್ತಿರುವ ರೂಪ: 3000 ಬಾಳೆಹಣ್ಣು, 1000 ಕಿ.ಮೀ., ಒಂಟೆ ಒಮ್ಮೆಗೆ ಹೊರುವುದು 1000, ಮುಂದೆ ಹೋದರೂ ಹಿಂದೆ ಬಂದರೂ ಕಿ.ಮೀ.ಗೆ ಒಂದು ಹಣ್ಣು ತಿನ್ನುತ್ತದೆ. ಆಚೆಗೆ ಎಷ್ಟು ತಲುಪಿಸಬಹುದು? ಇಲ್ಲಿ ದಾಸ್ತಾನೇ ನಿಗದಿಯಾಗಿರುವುದರಿಂದ ಹಾಳೆ ಹೊರಡುವ ಕಡೆಯಿಂದಲೇ ಶುರುವಾಗುತ್ತದೆ. ಮೊದಲ 200 ಕಿ.ಮೀ. ಐದು ಓಟದಲ್ಲಿ 1000 ಹಣ್ಣು ಖರ್ಚು, ಆಮೇಲೆ 333⅓ ಕಿ.ಮೀ. ಮೂರು ಓಟದಲ್ಲಿ ಇನ್ನೊಂದು 1000 ಖರ್ಚು, ಉಳಿದ 466⅔ ಕಿ.ಮೀ. ಒಂದೇ ಓಟ. ಕೈಗೆ 533⅓.

ಹಣ್ಣನ್ನು ಕತ್ತರಿಸುವಂತಿಲ್ಲ ಎಂದರೆ 532, 533, 534 ಎಂಬ ಮೂರು ಉತ್ತರಗಳು ಸುತ್ತಾಡುತ್ತವೆ. ಮೂರೂ ಎಲ್ಲಿಂದ ಬಂದವು ಎಂಬುದು ಹಾಳೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 533ನೆಯ ಕಿ.ಮೀ.ಯಲ್ಲಿ ಉಳಿದಿರುವುದು 1001 ಹಣ್ಣು. ಉಳಿದದ್ದನ್ನು 1000ದಿಂದ ಭಾಗಿಸಿ ರೌಂಡ್‌ಅಪ್ ಮಾಡುವ ಸರಳ ಸೂತ್ರ ಇಲ್ಲಿ ಎರಡು ಹೊರೆ ಎನ್ನುತ್ತದೆ, ಮೂರು ಹಣ್ಣು ಕಳೆದು 998 ಮಾಡುತ್ತದೆ, ಕೊನೆಗೆ 532. ಒಂದು ಹಣ್ಣಿಗಾಗಿ ಒಂಟೆಯನ್ನು ವಾಪಸ್ ಕಳಿಸುವುದು ಮೂರ್ಖತನ. ಆ ಒಂದನ್ನು ಅಲ್ಲೇ ಬಿಟ್ಟು 1000 ಹೊತ್ತು ನಡೆದರೆ ಮುಂದಿನ ಸಾಲಿನಲ್ಲಿ 999, ಕೊನೆಗೆ 533. ಸೂತ್ರದಲ್ಲಿ ಇದನ್ನು ಸರಿಪಡಿಸಲು ಒಂದು ಹೊರೆ, ಎರಡು ಹೊರೆ, ಮೂರು ಹೊರೆ ಒಯ್ದರೆ ಏನಾಗುತ್ತದೆ ಎಂದು ಮೂರು ಕಾಲಮ್ ಮಾಡಿ, ಮ್ಯಾಕ್ಸ್ ಫಂಕ್ಷನ್‌ನಿಂದ ದೊಡ್ಡದನ್ನು ಮುಂದಿನ ಸಾಲಿಗೆ ಕೊಡಬೇಕು. ಇನ್ನು 534: ಒಂಟೆ ಕಿ.ಮೀ. ನಡೆಯುವ ಮೊದಲೇ ಹಣ್ಣು ತಿನ್ನುತ್ತದೆ ಎಂದು ಓದಿದರೆ ಆ 1001ನೆಯ ಹಣ್ಣನ್ನು ನಿಂತಲ್ಲೇ ತಿಂದು, 1000 ಹೊತ್ತು ಹೊರಡಬಹುದು. ಅಂದರೆ 533 ಮತ್ತು 534ರ ಜಗಳ ಲೆಕ್ಕದ್ದಲ್ಲ, ಪ್ರಶ್ನೆ ಬರೆದವರು ಊಟದ ಹೊತ್ತನ್ನು ಹೇಳದೇ ಬಿಟ್ಟದ್ದರದ್ದು.

ಸಾಲ್ವರ್

ಎಕ್ಸೆಲ್‌ನಲ್ಲಿ ಆಡ್-ಇನ್ ಆಗಿ, ಕ್ಯಾಲ್ಕ್‌ನಲ್ಲಿ ಟೂಲ್ಸ್ ಮೆನುವಿನಲ್ಲಿ ಸಿಗುವ ಈ ಸೌಲಭ್ಯ ಇಂಥ ಲೆಕ್ಕಕ್ಕೆಂದೇ ಮಾಡಿದಂತೆ ಕಾಣುತ್ತದೆ. ನಿರಾಸೆ ಕಾದಿದೆ. ಓಟಗಳ ಸಂಖ್ಯೆ ಮೆಟ್ಟಿಲಿನಂತೆ ಜಿಗಿಯುವುದರಿಂದ ಎಕ್ಸೆಲ್‌ನ ಜಿಆರ್‌ಜಿ ನಾನ್‌ಲೀನಿಯರ್ ವಿಧಾನ ಯಾವುದೋ ಮೆಟ್ಟಿಲ ಮೇಲೆ ನಿಂತು ಅದನ್ನೇ ಉತ್ತರವೆಂದು ಒಪ್ಪಿಸಬಹುದು. ಆ ವಿಧಾನ ನಂಬಿರುವುದು ನುಣುಪಾದ ಫಲನಗಳನ್ನು. ಎವಲ್ಯೂಷನರಿ ವಿಧಾನ ಮೆಟ್ಟಿಲಿಗೆ ಅಂಜುವುದಿಲ್ಲ, ಆದರೆ ಅದು ಕೊಟ್ಟದ್ದೇ ಅತ್ಯುತ್ತಮ ಎಂಬ ಖಾತರಿಯೂ ಇಲ್ಲ.

5, 3, 1 ಎಂಬ ಓಟಗಳನ್ನು ನಾವೇ ಕೊಟ್ಟರೆ ಉಳಿಯುವುದು ಸರಳ ರೇಖೀಯ ಲೆಕ್ಕ, ಸಾಲ್ವರಿನ ಸಿಂಪ್ಲೆಕ್ಸ್ ವಿಧಾನ ಅದನ್ನು ಕ್ಷಣದಲ್ಲಿ ಬಿಡಿಸುತ್ತದೆ. 180 ಲೀಟರಿಗೆ 120, 200, 600 ಎಂಬ ಮೂರು ಭಾಗ, ಒಟ್ಟು 920. ಅಲ್ಲೂ ಒಂದು ಬಲೆ ಇದೆ. ಮೊದಲ ಡಿಪೋ ದಾಟುವಾಗ ದಾಸ್ತಾನು 120 ಲೀಟರ್ ಮೀರಬಾರದು ಎಂಬ ನಿಬಂಧನೆ ಬರೆಯಲು ಮರೆತರೆ ಸಾಲ್ವರ್ ಮೊದಲ ಭಾಗವನ್ನು ಸೊನ್ನೆ ಮಾಡಿ, ಎರಡನೆಯದನ್ನು 400 ಮಾಡಿ, 1000 ಕಿ.ಮೀ. ಎಂದು ಹೆಮ್ಮೆಯಿಂದ ತೋರಿಸುತ್ತದೆ. ಎರಡು ಸಲ ಮುಂದಕ್ಕೆ ಹೋಗುವ ಜೀಪು 180 ಲೀಟರ್ ಒಯ್ದಂತಾಯಿತು. ಓಟಗಳನ್ನು ತಾನೇ ಎಣಿಸಿದವರಿಗೆ ಸಾಲ್ವರ್ ಬೇಕಾಗುವುದಿಲ್ಲ, ಎಣಿಸದವರಿಗೆ ಅದು ಕೆಲಸಕ್ಕೆ ಬರುವುದಿಲ್ಲ. ನಾಲ್ಕರಲ್ಲಿ ಬಿಟ್ಟುಬಿಡಬಹುದಾದ್ದು ಇದೇ.

ಪೈಥಾನ್

ನಿಖರತೆ ಬೇಕಾದರೆ ಪೈಥಾನಿನ ಜೊತೆಗೇ ಬರುವ ಫ್ರಾಕ್ಷನ್ಸ್ ಮಾಡ್ಯೂಲ್ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ದೂರವನ್ನು ಹೊರೆಯಲ್ಲಿ ಬರೆಯಿರಿ: 1000 ಕಿ.ಮೀ. ಎಂದರೆ 5/3. ಅದರಿಂದ 1, ಆಮೇಲೆ 1/3, ಆಮೇಲೆ 1/5 ಕಳೆಯುತ್ತ ಹೋಗಿ, ಪ್ರತಿ ಸಲಕ್ಕೂ ಒಂದು ಹೊರೆ ಎಣಿಸಿ. ಮುಂದಿನ ಪದ ಕಳೆಯಲು ಸಾಲದಷ್ಟು ಉಳಿದಾಗ, ಇಲ್ಲಿ 2/15, ಅದನ್ನು ಆ ಹಂತದ ಓಟಗಳ ಸಂಖ್ಯೆ 7ರಿಂದ ಗುಣಿಸಿ ಕೂಡಿಸಿ. ಉತ್ತರ 59/15 ಹೊರೆ. ಮಣಿ ಹಾಳೆಯ 59 ಮತ್ತು 15 ಎಲ್ಲಿಂದ ಬಂದವು ಎಂಬುದೂ ಗೊತ್ತಾಯಿತು. ಐದಾರು ಸಾಲಿನ ಪ್ರೋಗ್ರಾಂ. 1200 ಕಿ.ಮೀ.ಗೆ ಅದೇ ಪ್ರೋಗ್ರಾಂ 7 ಪೂರ್ಣ 2021/3003 ಹೊರೆ ಎನ್ನುತ್ತದೆ. ಸ್ಪ್ರೆಡ್‌ಶೀಟ್ ಎಡವಿದ 460.38 ಲೀಟರ್ ಇದೇ.

ಒಂದು ಎಚ್ಚರ: ಫ್ರಾಕ್ಷನ್‌ಗೆ 0.1 ಎಂಬ ದಶಮಾಂಶವನ್ನು ನೇರ ಕೊಟ್ಟರೆ 1/10 ಸಿಗುವುದಿಲ್ಲ, 3602879701896397/36028797018963968 ಎಂಬ ರಾಕ್ಷಸ ಭಿನ್ನರಾಶಿ ಸಿಗುತ್ತದೆ. ಅಂಶ ಮತ್ತು ಛೇದವನ್ನು ಎರಡು ಪೂರ್ಣಾಂಕಗಳಾಗಿ ಕೊಡಿ, ಇಲ್ಲವೇ ದಶಮಾಂಶವನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಡಿ.

ಲೆಕ್ಕದ ನಿಜವಾದ ಕ್ರೌರ್ಯ ಕಾಣುವುದೂ ಇಲ್ಲೇ. ದೂರ 1000ದಿಂದ 1200ಕ್ಕೆ, ಅಂದರೆ ಐದನೆಯ ಒಂದರಷ್ಟು, ಏರಿದಾಗ ಇಂಧನ 236ರಿಂದ 460 ಲೀಟರಿಗೆ, ಹತ್ತಿರ ಹತ್ತಿರ ಎರಡು ಪಟ್ಟಿಗೆ ಏರಿತು. ಪೂರ್ತಿ ಹೊರೆಗಳಲ್ಲಿ ಹೇಳುವುದಾದರೆ ಹೊರೆಯ ಎರಡು ಪಟ್ಟು ದೂರಕ್ಕೆ 8 ಹೊರೆ ಬೇಕು (ಮೊತ್ತ 91072/45045, ಎರಡಕ್ಕಿಂತ ಚೂರು ಹೆಚ್ಚು), ಮೂರು ಪಟ್ಟಿಗೆ 57, ನಾಲ್ಕು ಪಟ್ಟಿಗೆ 419. ಆದರೂ ಸರಣಿಗೆ ಮೇಲ್ಮಿತಿ ಇಲ್ಲ. ತಾತ್ವಿಕವಾಗಿ ಎಷ್ಟು ಅಗಲದ ಮರುಭೂಮಿಯನ್ನಾದರೂ ದಾಟಬಹುದು, ಇಂಧನ ಇದ್ದರೆ.

ಪೈಥಾನ್ ಕೈಗೆ ಸಿಕ್ಕಾಗ ಜನ ಮಾಡುವ ತಪ್ಪು ಎಂದರೆ ಎಲ್ಲ ಸಾಧ್ಯತೆಗಳನ್ನೂ ಹುಡುಕಿಸಲು ಹೊರಡುವುದು. ಮಣಿ ಹಾಳೆಯಷ್ಟು ಒರಟು ಲೆಕ್ಕದಲ್ಲೇ 26 ಗೆರೆಗಳ ಮೇಲೆ 59ರವರೆಗೆ ಮಣಿ ಹಂಚುವ ವಿಧಾನಗಳ ಸಂಖ್ಯೆಗೆ 22 ಅಂಕಿಗಳಿವೆ, ಜೀಪು ಎಲ್ಲಿದೆ ಎಂಬುದನ್ನು ಸೇರಿಸುವ ಮೊದಲೇ. ಹುಡುಕಾಟ ಮುಗಿಯುವುದಿಲ್ಲ, ಮುಗಿಯುವಷ್ಟು ಚಿಕ್ಕ ಮಾಡಿದರೆ ಕಲಿಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆಯ ಯಾವ ರೂಪಕ್ಕೆ ಯಾವುದು

ಈ ಒಗಟಿನ ಹಳೆಯ ರೂಪ ಎಂಟನೆಯ ಶತಮಾನದ ವಿದ್ವಾಂಸ, ಯಾರ್ಕ್‌ನ ಆಲ್ಕ್ವಿನ್ ಹೆಸರಿನಲ್ಲಿ ಬಂದಿರುವ ಲ್ಯಾಟಿನ್ ಸಮಸ್ಯೆಗಳ ಸಂಗ್ರಹದಲ್ಲಿದೆ: 90 ಅಳತೆ ಧಾನ್ಯ, 30 ಲೀಗ್ ದೂರ, ಒಂಟೆ ಹೊರುವುದು 30 ಅಳತೆ, ಲೀಗಿಗೆ ಒಂದು ಅಳತೆ ತಿನ್ನುತ್ತದೆ. ಅಲ್ಲಿ ಕೊಟ್ಟ ಉತ್ತರ 20 ಅಳತೆ, 20ನೆಯ ಲೀಗಿನಲ್ಲಿ ಒಂದು ಡಿಪೋ ಇಟ್ಟು. ಆ ಪರಿಹಾರದಲ್ಲಿ ಬರಿಗೈಯಲ್ಲಿ ಮರಳುವ ಒಂಟೆಗೆ ಊಟದ ಖರ್ಚಿಲ್ಲ, ಆದ್ದರಿಂದ ಮುಂದಿನ ಓಟಗಳನ್ನು ಮಾತ್ರ ಎಣಿಸಬೇಕು: 3, 2, 1. ಹತ್ತನೆಯ ಲೀಗಿನಲ್ಲಿ 60 ಅಳತೆ, 25ನೆಯದರಲ್ಲಿ 30, ಕೊನೆಗೆ 25 ಉಳಿಯುತ್ತದೆ. ಸಂಗ್ರಹದ ಉತ್ತರಕ್ಕಿಂತ ಐದು ಹೆಚ್ಚು. ಹಾಳೆಯಲ್ಲಿ ಸಿ ಕಾಲಮಿನ ಸೂತ್ರ ಬದಲಿಸಿದರೆ ಸಾಕು, ಮಣಿಯಲ್ಲೂ ಚೆನ್ನಾಗಿ ಆಗುತ್ತದೆ. ಜೀಪಿನ ರೂಪಕ್ಕೆ ಪೂರ್ಣ ಸಾಧನೆ ಬಂದದ್ದು 1947ರಲ್ಲಿ, ಎನ್. ಜೆ. ಫೈನ್ ಅವರ ಲೇಖನದಲ್ಲಿ. ಅದೇ ವರ್ಷ ಸಿ. ಜಿ. ಫಿಪ್ಸ್ ಅದನ್ನು ಇನ್ನಷ್ಟು ವಿಸ್ತರಿಸಿದರು. 1970ರಲ್ಲಿ ಡೇವಿಡ್ ಗೇಲ್ ಮತ್ತೆ ಇದನ್ನು ಕೈಗೆತ್ತಿಕೊಂಡರು.

ಹೋಗಿ ವಾಪಸ್ ಬರಬೇಕು ಎಂಬ ರೂಪದಲ್ಲಿ ಓಟಗಳು 2, 4, 6 ಎಂದು ಸಮಸಂಖ್ಯೆಗಳಾಗುತ್ತವೆ. ಸಿ ಕಾಲಮಿನಲ್ಲಿ ಕೊನೆಗೆ ಒಂದರ ಬದಲು ಎರಡು ಕೂಡಿಸಿ, ಅಷ್ಟೇ. ಅದೇ 180 ಲೀಟರಿಗೆ 300 + 150 + 100, ಒಟ್ಟು 550 ಕಿ.ಮೀ. ಒಳಹೊಕ್ಕು ಮರಳಬಹುದು; ಡಿಪೋಗಳು ಹೊರಡುವ ಕಡೆಯಿಂದ 100 ಮತ್ತು 250 ಕಿ.ಮೀ.ಯಲ್ಲಿ. ಮರೆಯಬಾರದ ವಿವರ: ಕೊನೆಯ ಸಲ ಮುಂದಕ್ಕೆ ಹೋಗುವಾಗ ಮೊದಲ ಡಿಪೋದಲ್ಲಿ 10 ಲೀಟರ್, ಎರಡನೆಯದರಲ್ಲಿ 15 ಲೀಟರ್ ಮರಳುವ ದಾರಿಗೆಂದು ಬಿಟ್ಟೇ ಹೋಗಬೇಕು.

ಕೂಲಿಯಾಳುಗಳ ರೂಪಕ್ಕೆ ಮಾತ್ರ ಸ್ಪ್ರೆಡ್‌ಶೀಟೂ ಬೇಡ, ಪೈಥಾನೂ ಬೇಡ. ದಾಟಲು ಆರು ದಿನ, ಒಬ್ಬೊಬ್ಬರು ಹೊರುವುದು ನಾಲ್ಕು ದಿನದ ಊಟ, ಜೊತೆಗೆ ಬಂದವರು ಕ್ಷೇಮವಾಗಿ ಮರಳಬೇಕು; ಎಷ್ಟು ಜನ ಬೇಕು? ಇಲ್ಲಿ ಯಾರೂ ದಾರಿಯಲ್ಲಿ ಏನನ್ನೂ ಇಟ್ಟು ಬರುವುದಿಲ್ಲ, ಕೈಯಿಂದ ಕೈಗೆ ದಾಟಿಸುತ್ತಾರೆ. ಮೂವರು ಹೊರಡುತ್ತಾರೆ. ಮೊದಲ ದಿನದ ಕೊನೆಗೆ ಎಲ್ಲರ ಬಳಿಯೂ ಮೂರು. ಮೊದಲನೆಯವನು ಇಬ್ಬರಿಗೂ ಒಂದೊಂದು ಕೊಟ್ಟು ಒಂದನ್ನು ಇಟ್ಟುಕೊಂಡು ಮರಳುತ್ತಾನೆ. ಎರಡನೆಯ ದಿನದ ಕೊನೆಗೆ ಉಳಿದಿಬ್ಬರ ಬಳಿ ಮತ್ತೆ ಮೂರು ಮೂರು. ಎರಡನೆಯವನು ಒಂದು ಕೊಟ್ಟು, ಎರಡರೊಂದಿಗೆ ಮರಳುತ್ತಾನೆ. ಯಾತ್ರಿಯ ಬಳಿ ನಾಲ್ಕು, ಮುಂದಿರುವುದು ನಾಲ್ಕು ದಿನ. ಒಬ್ಬನೇ ಸಹಾಯಕ ಇದ್ದರೆ, ಊಟವನ್ನು ತುಂಡು ಮಾಡಿ ಹಂಚಿದರೂ 5⅓ ದಿನಕ್ಕಿಂತ ಮುಂದೆ ಹೋಗಲಾಗದು. ಹನ್ನೆರಡು ಮಣಿ ಮೇಜಿನ ಮೇಲಿಟ್ಟು ಕೈಯಾರೆ ಸರಿಸಿದರೆ ಇಡೀ ಲೆಕ್ಕ ಮುಗಿಯುತ್ತದೆ: ಯಾತ್ರಿಗೆ ಆರು, ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ನಾಲ್ಕು.